ಬೀಜದ ಗಣಿಗೆ ರಾಜಧನ ಎಷ್ಟು?

ಕೃಷಿ ವಿಶ್ವವಿದ್ಯಾಲಯ ಮತ್ತು ಬೀಜ ಕಂಪನಿ ಸೇರಿ ನಡೆಸುವ ಜೈವಿಕ ತಂತ್ರಜ್ಞಾನದ ಸಂಶೋಧನೆಗೆ ಸಾರ್ವಜನಿಕ–ಖಾಸಗಿ ಸಹಭಾಗಿತ್ವ ಎಂದು ಹೆಸರು. ವಿಶ್ವವಿದ್ಯಾಲಯದ ಬಳಿ ತಳಿ ಇದೆ, ವಿಜ್ಞಾನಿಗಳಿದ್ದಾರೆ, ಪ್ರಯೋಗದ ಹೊಲವಿದೆ. ಕಂಪನಿಯ ಬಳಿ ಪೇಟೆಂಟ್ ಪಡೆದ ಜೀನ್ ಇದೆ, ಹಣವಿದೆ, ಮಾರಾಟದ ಜಾಲವಿದೆ. ಇಬ್ಬರೂ ಕೈಜೋಡಿಸಿದರೆ ರೈತನಿಗೆ ಒಳ್ಳೆಯ ಬೀಜ ಬೇಗ ಸಿಗುತ್ತದೆ ಎಂಬುದು ವಾದ. ಘಟಿಕೋತ್ಸವದ ಭಾಷಣದಿಂದ ಹಿಡಿದು ಕೃಷಿ ಮೇಳದ ಮಳಿಗೆಯವರೆಗೆ ಈ ಮಾತು ಸಲೀಸಾಗಿ ಓಡಾಡುತ್ತದೆ. ಪ್ರಶ್ನೆ ಕೇಳಿದವರು ವಿಜ್ಞಾನದ ವಿರೋಧಿಗಳೆಂದು ತೀರ್ಪು ಮೊದಲೇ ಸಿದ್ಧವಾಗಿರುತ್ತದೆ. ಆದರೆ ಕರ್ನಾಟಕದಲ್ಲಿ ಈ ಸಹಭಾಗಿತ್ವಕ್ಕೆ ಈಗ ಎರಡು ದಶಕ ತುಂಬಿದೆ. ಲೆಕ್ಕ ಕೇಳುವಷ್ಟು ವಯಸ್ಸು ಅದಕ್ಕಾಗಿದೆ. ಲೆಕ್ಕ ತೆಗೆದರೆ, ಸಾರ್ವಜನಿಕರ ಗಂಟು ಒಳಗೆ ಹೋದದ್ದು ಕಾಣುತ್ತದೆ. ಹೊರಗೆ ಬಂದದ್ದೇನೆಂದು ಹುಡುಕಬೇಕಾಗುತ್ತದೆ.

ಬದನೆಯ ಪ್ರಕರಣವನ್ನೇ ಮೊದಲು ನೋಡಬೇಕು. 2005ರ ಏಪ್ರಿಲ್‌ನಲ್ಲಿ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಮಹಿಕೊ ಕಂಪನಿ ಮತ್ತು ಹೈದರಾಬಾದಿನ ಸದ್ಗುರು ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್ಸ್ ಸಂಸ್ಥೆಗಳ ನಡುವೆ ಒಪ್ಪಂದವಾಯಿತು. ಯೋಜನೆಯ ಮುಂದಾಳತ್ವ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ್ದು, ಹಣ ಅಲ್ಲಿನ ಸರ್ಕಾರದ ನೆರವು ಸಂಸ್ಥೆ ಯುಎಸ್‌ಎಐಡಿಯದ್ದು. ಮಹಿಕೊದಲ್ಲಿ ಆಗ ಮೊನ್ಸಾಂಟೊ ಕಂಪನಿಗೆ ಶೇ 26ರಷ್ಟು ಪಾಲಿತ್ತು. ಬಿಟಿ ಎಂದು ಕರೆಯುವ ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದ ಕ್ರೈ1ಎಸಿ ಎಂಬ ಜೀನನ್ನು ಬದನೆಗೆ ಸೇರಿಸಿ, ಕಾಯಿ ಮತ್ತು ಕುಡಿ ಕೊರೆಯುವ ಹುಳುವನ್ನು ಗಿಡವೇ ಕೊಲ್ಲುವಂತೆ ಮಾಡುವುದು ಉದ್ದೇಶ. ಜೀನ್ ಕಂಪನಿಯದು. ಅದನ್ನು ಸೇರಿಸಿದ್ದು ಯಾವುದಕ್ಕೆ? ಮಲಾಪುರ ಲೋಕಲ್, ಮಂಜರಿ ಗೋಟ, ಕುಡಚಿ ಲೋಕಲ್, ರಬಕವಿ ಲೋಕಲ್, 112 ಜಿಒ ಮತ್ತು ಉಡುಪಿ ಲೋಕಲ್ ಎಂಬ ಆರು ತಳಿಗಳಿಗೆ. ಇವುಗಳಲ್ಲಿ ಹೆಚ್ಚಿನ ಬದನೆಗಳನ್ನು ಯಾವ ಪ್ರಯೋಗಾಲಯವೂ ಸೃಷ್ಟಿಸಿರಲಿಲ್ಲ. ಬೆಳಗಾವಿ, ಬಾಗಲಕೋಟೆ, ಉಡುಪಿ ಸೀಮೆಯ ರೈತರು ತಲೆಮಾರುಗಳ ಕಾಲ ಒಳ್ಳೆಯ ಕಾಯಿಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೆಗೆದು, ಬೂದಿ ಹಚ್ಚಿ ಒಣಗಿಸಿ ಕಾಪಾಡಿಕೊಂಡು ಬಂದವು.

2002ರ ಜೀವವೈವಿಧ್ಯ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿಯೇ ಇತ್ತು. ವಿದೇಶಿ ಪಾಲಿರುವ ಸಂಸ್ಥೆ ಇಲ್ಲಿನ ಜೈವಿಕ ಸಂಪನ್ಮೂಲವನ್ನು ಸಂಶೋಧನೆಗೆ ಬಳಸಬೇಕಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕಿತ್ತು. ಪ್ರಾಧಿಕಾರ ಮತ್ತು ರಾಜ್ಯ ಮಂಡಳಿ ನಿರ್ಧಾರ ಕೈಗೊಳ್ಳುವಾಗ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕೇಳಲೇಬೇಕೆಂದು 41ನೇ ಕಲಮು ಹೇಳುತ್ತದೆ. ಈ ಅನುಮತಿಗಳಿಲ್ಲದೆಯೇ ತಳಿಗಳನ್ನು ಬಳಸಲಾಗಿದೆ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರ ಫೆಬ್ರುವರಿಯಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. ಕಾನೂನು ಕ್ರಮಕ್ಕೆ ಪ್ರಾಧಿಕಾರ 2011ರಲ್ಲಿ ತೀರ್ಮಾನಿಸಿತು; 2012ರಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಕ್ರಿಮಿನಲ್ ದೂರು ದಾಖಲಾಯಿತು. ಇದು ಬಡವರ ಪರವಾದ ಯೋಜನೆ, ಲಾಭದ ಉದ್ದೇಶವಿಲ್ಲ ಎಂಬುದು ಸಹಭಾಗಿಗಳ ಸಮರ್ಥನೆ. ಬಡವರ ಪರ ಎಂದಾದರೆ ಬಡವರನ್ನು ಒಂದು ಮಾತು ಕೇಳಲು ಏನು ಅಡ್ಡಿಯಿತ್ತು? ಕುಡಚಿಯ, ರಬಕವಿಯ ಬದನೆ ಬೆಳೆಗಾರರ ಮುಂದೆ ಒಪ್ಪಂದದ ಒಂದು ಕನ್ನಡ ಪ್ರತಿಯನ್ನು ಇಟ್ಟಿದ್ದರೆ ವಿಜ್ಞಾನಕ್ಕೆ ಯಾವ ಕುಂದು ಬರುತ್ತಿತ್ತು?

ಗುಡ್ಡದಲ್ಲಿರುವುದು ಯಾರದು, ಅದನ್ನು ಯಾರು ಯಾವ ಬೆಲೆಗೆ ಒಯ್ಯುತ್ತಾರೆ ಎಂಬ ಪ್ರಶ್ನೆ ಬಳ್ಳಾರಿ ಜಿಲ್ಲೆಯ ಗಣಿನಾಡಾದ ಸಂಡೂರು ತಾಲ್ಲೂಕಿಗೆ ಹೊಸದೇನಲ್ಲ. 2009ಕ್ಕಿಂತ ಮೊದಲು ಇಲ್ಲಿನ ಕಬ್ಬಿಣದ ಅದಿರಿಗೆ ಸರ್ಕಾರ ಪಡೆಯುತ್ತಿದ್ದ ರಾಜಧನ ಟನ್ನಿಗೆ 27 ರೂಪಾಯಿ ಮೀರುತ್ತಿರಲಿಲ್ಲ. ಅದೇ ಟನ್ನು ಬಂದರು ತಲುಪುವ ಹೊತ್ತಿಗೆ ಸಾವಿರಾರು ರೂಪಾಯಿಯ ಸರಕು. ಆ ವ್ಯವಹಾರಕ್ಕೂ ಅಭಿವೃದ್ಧಿ, ಹೂಡಿಕೆ, ಉದ್ಯೋಗ ಎಂಬ ಹೆಸರುಗಳಿದ್ದವು. ಲೋಕಾಯುಕ್ತರ ವರದಿ ಬಂದು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೂ ಬಹುಪಾಲು ಗಣ್ಯರಿಗೆ ಅದರಲ್ಲಿ ತಪ್ಪು ಕಂಡಿರಲಿಲ್ಲ. ತಳಿಯೂ ಸಾರ್ವಜನಿಕ ಸಂಪತ್ತು. ವ್ಯತ್ಯಾಸ ಇಷ್ಟೇ: ಅದಿರು ಹೋದ ಜಾಗದಲ್ಲಿ ಕಣ್ಣಿಗೆ ಕಾಣುವ ಗುಂಡಿ ಉಳಿಯುತ್ತದೆ, ತಳಿ ಹೋದರೆ ಏನೂ ಕಾಣುವುದಿಲ್ಲ. ಅದಿರಿಗೆ ಪುಡಿಗಾಸಾದರೂ ರಾಜಧನ ನಿಗದಿಯಾಗಿತ್ತು. ಆ ಬದನೆಗಳನ್ನು ಕಾಪಾಡಿದ ಊರುಗಳ ಪಾಲು ಎಷ್ಟೆಂದು ಮಾತುಕತೆಯೇ ನಡೆಯಲಿಲ್ಲ.

ಪಾಲಿನ ಮಾತು ಬಂದರೂ ತಕ್ಕಡಿ ಯಾವ ಕಡೆ ತೂಗುತ್ತದೆ ಎಂಬುದಕ್ಕೆ ಹತ್ತಿಯ ಬೀಜ ಸಾಕ್ಷಿ. ಬಿಟಿ ಹತ್ತಿಗೆ ಕೇಂದ್ರ ಸರ್ಕಾರ 2002ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆರಂಭದ ವರ್ಷಗಳಲ್ಲಿ 450 ಗ್ರಾಂ ಬೀಜದ ಪ್ಯಾಕೆಟ್ಟಿಗೆ 1,600 ರೂಪಾಯಿಗೂ ಮೇಲೆ ಬೆಲೆ. ಅದರಲ್ಲಿ 1,250 ರೂಪಾಯಿ ಜೀನಿನ ಶುಲ್ಕವೆಂದೇ ಹೋಗುತ್ತಿತ್ತು. ಆಂಧ್ರಪ್ರದೇಶ ಸರ್ಕಾರ 2006ರಲ್ಲಿ ಏಕಸ್ವಾಮ್ಯ ಆಯೋಗದ ಮುಂದೆ ಜಗಳ ತೆಗೆದ ಮೇಲೆ ಪ್ಯಾಕೆಟ್ ಬೆಲೆ 750ಕ್ಕೆ ಇಳಿಯಿತು. ಅರ್ಧಕ್ಕರ್ಧ ಇಳಿಸಿದ ಮೇಲೂ ಕಂಪನಿಗಳು ಬಾಗಿಲು ಹಾಕಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಇನ್ನೊಂದು ತಟ್ಟೆಯಲ್ಲಿ ಇದ್ದುದೇನು? ಜೈವಿಕ ಸಂಪನ್ಮೂಲ ಬಳಸಿ ಲಾಭ ಮಾಡಿದವರು ಮೂಲದವರಿಗೆ ಕೊಡಬೇಕಾದ ಪಾಲನ್ನು 2014ರ ನಿಯಮಗಳು ಮಾರಾಟ ಮೌಲ್ಯದ ಶೇ 0.1ರಿಂದ 0.5 ಎಂದು ನಿಗದಿ ಮಾಡಿದವು. ನೂರು ರೂಪಾಯಿಗೆ ಹತ್ತು ಪೈಸೆಯಿಂದ ಐವತ್ತು ಪೈಸೆ. ಒಂದೇ ಬೀಜದೊಳಗೆ ಒಂದು ಜೀನ್ ತಂದವನಿಗೆ ಮುಕ್ಕಾಲು ಪಾಲು. ಉಳಿದ ಸಾವಿರಾರು ಜೀನುಗಳನ್ನು ಕಾದವನಿಗೆ ಎಂಟಾಣೆ. ಇದಕ್ಕೆ ಸಹಭಾಗಿತ್ವ ಎನ್ನುವವರು ಭಾಗಾಕಾರವನ್ನು ಯಾವ ಶಾಲೆಯಲ್ಲಿ ಕಲಿತರೋ!

ಆ ಪ್ಯಾಕೆಟ್ಟನ್ನು ಬಿಚ್ಚಿ ನೋಡಿದರೆ ಇನ್ನೊಂದು ಸಂಗತಿ ಸಿಗುತ್ತದೆ. ಬಿಟಿ ಬೀಜದ ಜೊತೆಗೆ 120 ಗ್ರಾಂನ ಇನ್ನೊಂದು ಚಿಕ್ಕ ಪೊಟ್ಟಣ ಇರುತ್ತಿತ್ತು. ಅದು ಬಿಟಿ ಅಲ್ಲದ ಹತ್ತಿ. ಹೊಲದ ಸುತ್ತ ಸಾಲು ಹಾಕಬೇಕು. ಅಲ್ಲಿ ಬದುಕುಳಿದ ಹುಳುಗಳು ಬಿಟಿ ಗಿಡದಲ್ಲಿ ಬದುಕುಳಿದವುಗಳ ಜೊತೆ ಕೂಡಿದರೆ ವಿಷಕ್ಕೆ ಜಗ್ಗದ ಸಂತತಿ ಬೆಳೆಯುವುದು ತಡವಾಗುತ್ತದೆ ಎಂಬುದು ಅದರ ಹಿಂದಿನ ವಿಜ್ಞಾನ. ಎಕರೆಗಟ್ಟಲೆ ಹೊಲ ಇರುವ ದೇಶದ ಲೆಕ್ಕವನ್ನು ಎರಡು ಎಕರೆಯ ಎರೆ ಹೊಲಕ್ಕೆ ಹೇಳಿದಂತಾಯಿತು. ಹುಳುವಿಗೆಂದೇ ಒಂದಿಷ್ಟು ಬೆಳೆ ಬಿಡುವಷ್ಟು ಜಮೀನು ಯಾರಿಗಿದೆ? ಬಹಳಷ್ಟು ರೈತರು ಆ ಪೊಟ್ಟಣದ ಬೀಜವನ್ನು ಬಿತ್ತಲೇ ಇಲ್ಲ. ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ಪೀಳಿಗೆಯ ಬಿಟಿಗೆ ಬಗ್ಗುತ್ತಿಲ್ಲ ಎಂದು 2010ರಲ್ಲಿ ಮೊನ್ಸಾಂಟೊ ಕಂಪನಿಯೇ ಒಪ್ಪಿಕೊಂಡಿತು. ಮುಂದೆ ಎರಡನೇ ಪೀಳಿಗೆಯ ಬಿಟಿಗೂ ಅದು ಬಗ್ಗದಾಯಿತು. ಆಮೇಲೆ ರಾಯಚೂರು, ಬಳ್ಳಾರಿ ಕಡೆಯ ರೈತರು ಮತ್ತೆ ಔಷಧಿ ಹೊಡೆಯುವ ಪಂಪು ಬೆನ್ನಿಗೇರಿಸಿದರು. ಬೀಜಕ್ಕೂ ದುಡ್ಡು, ಔಷಧಿಗೂ ದುಡ್ಡು.

ಇಂಥ ಹೊತ್ತಿನಲ್ಲಿ ಸಾರ್ವಜನಿಕ ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸವೇನು? ರೈತ ತಾನೇ ಎತ್ತಿಟ್ಟುಕೊಂಡು ಮರುವರ್ಷ ಬಿತ್ತಬಹುದಾದ ಹತ್ತಿಯನ್ನು ಕೊಡುವುದು. ಧಾರವಾಡದ ವಿಶ್ವವಿದ್ಯಾಲಯವೂ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಸೇರಿ ಬಿಕನೇರಿ ನರ್ಮಾ ಎಂಬ ಬಿಟಿ ತಳಿಯನ್ನು ತಂದಾಗ ಆಸೆ ಹುಟ್ಟಿದ್ದು ಇದಕ್ಕೇ. ಹೈಬ್ರಿಡ್ ಅಲ್ಲದ, ಸರ್ಕಾರಿ ಸಂಸ್ಥೆಗಳ ಮೊದಲ ಬಿಟಿ ಹತ್ತಿ ಅದು. 2008ರಲ್ಲಿ ಒಪ್ಪಿಗೆಯಾಗಿ 2009ರ ಮುಂಗಾರಿಗೆ ರೈತರ ಕೈ ಸೇರಿತು. ಅದೇ ವರ್ಷ ಹಿಂದಕ್ಕೆ ಹೋಯಿತು. ಅದರೊಳಗೆ ಮೊನ್ಸಾಂಟೊ ಕಂಪನಿಯ ಮಾನ್ 531 ಜೀನ್ ಸರಣಿ ಇದೆ ಎಂಬ ದೂರು ಎದ್ದಿತ್ತು. ತನಿಖೆ ಮಾಡಿದ ಸುಧೀರ್ ಸೊಪೊರಿ ಸಮಿತಿ 2012ರಲ್ಲಿ ಅದು ನಿಜವೆಂದು ವರದಿ ಕೊಟ್ಟಿತು. ಸಹಭಾಗಿತ್ವದ ವಕೀಲರು ಈ ಹಗರಣವನ್ನು ಬಲು ಇಷ್ಟದಿಂದ ಉದಾಹರಿಸುತ್ತಾರೆ: ನೋಡಿ, ಸರ್ಕಾರಿ ಪ್ರಯೋಗಾಲಯಕ್ಕೆ ಒಂಟಿಯಾಗಿ ನಡೆಯಲು ಬರುವುದಿಲ್ಲ! ನಡೆಯಲು ಬಾರದ ಸ್ಥಿತಿಗೆ ತಂದವರಾರು? ಹುದ್ದೆ ತುಂಬದೆ, ಅನುದಾನ ಕೊಡದೆ, ಹೊರಗಿನ ಯೋಜನೆಯ ಹಣಕ್ಕೆ ಕಾಯುವಂತೆ ಮಾಡಿ, ಕೊನೆಗೆ ಎಡವಿದಾಗ ಕೈಲಾಗದವರೆಂದು ಜರೆಯುವುದು ಅನುಕೂಲಸ್ಥರ ನ್ಯಾಯ. ತಪ್ಪು ಮಾಡಿದವರಿಗೆ ಶಿಕ್ಷೆಯಾಗಲಿ. ಆದರೆ ತಪ್ಪಿನ ಬೆಲೆ ತೆತ್ತದ್ದು ಎತ್ತಿಡಬಹುದಾದ ಬೀಜ ಕಳೆದುಕೊಂಡ ರೈತ.

ಹಣ ಕೊಟ್ಟವರು ವಿಷಯವನ್ನೂ ಆರಿಸುತ್ತಾರೆ. ಸಂಡೂರು, ಕೂಡ್ಲಿಗಿ ಕಡೆಯ ಕೆಮ್ಮಣ್ಣಿನ ಮಳೆಯಾಶ್ರಿತ ಹೊಲಗಳಿಗೆ ಬೇಕಾದದ್ದು ನವಣೆ, ಸಾವೆ, ಜೋಳ, ಹುರುಳಿ, ಶೇಂಗಾ. ನವಣೆ ತನ್ನ ಹೂವಿನ ಪರಾಗವನ್ನು ತಾನೇ ಬಳಸಿಕೊಳ್ಳುವ ಬೆಳೆ. ಒಮ್ಮೆ ಕೊಂಡ ಬೀಜವನ್ನು ರೈತ ಹತ್ತು ವರ್ಷ ಬಿತ್ತಬಹುದು. ಅಂಥ ಬೆಳೆಯಲ್ಲಿ ಕಂಪನಿಗೆ ಏನು ಸಿಗಬೇಕು? ಹಾಗಾಗಿ ಹಣವೆಲ್ಲ ವರ್ಷವರ್ಷವೂ ಕೊಳ್ಳಲೇಬೇಕಾದ ಹೈಬ್ರಿಡ್ ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ, ತರಕಾರಿಗಳ ಕಡೆ ಹರಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿಯನ್ನು ಹೆಸರಿನಿಂದ ಕರೆಯುತ್ತಿದ್ದ ಬಳ್ಳಾರಿ ಸೀಮೆಯ ರೈತರು ಈಗ 5531, 2043 ಎಂದು ಕಂಪನಿಯ ನಂಬರಿನಿಂದ ಕರೆಯುತ್ತಾರೆ. ಎರೆ ಹೊಲದಲ್ಲಿ ಹಿಂಗಾರಿಗೆ ಬಿತ್ತುವ ಬಿಳಿಜೋಳವೋ, ಇಂದಿಗೂ 1930ರ ದಶಕದ ಎಂ 35-1. ತಳಿಯ ಗಟ್ಟಿತನಕ್ಕೆ ಇದು ಹೊಗಳಿಕೆ. ಎಂಟು ದಶಕಕ್ಕೂ ಹೆಚ್ಚಿನ ಸಂಶೋಧನೆಯ ಆದ್ಯತೆಗೆ ಇದಕ್ಕಿಂತ ಕಟುವಾದ ಟೀಕೆ ಬೇಕಿಲ್ಲ.

ಹಣದ ಜೊತೆಗೆ ಮೌನವೂ ಬರುತ್ತದೆ. ಅಮೆರಿಕದಲ್ಲಿ ಮೆಕ್ಕೆಜೋಳದ ಕೀಟಗಳನ್ನು ಅಧ್ಯಯನ ಮಾಡುವ 26 ವಿಜ್ಞಾನಿಗಳು 2009ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಗೆ ಒಂದು ಹೇಳಿಕೆ ಸಲ್ಲಿಸಿದರು: ಬೀಜ ಕೊಳ್ಳುವಾಗಿನ ಕಂಪನಿ ಷರತ್ತುಗಳಿಂದಾಗಿ ಕುಲಾಂತರಿ ಬೆಳೆಗಳ ಮೇಲೆ ಸ್ವತಂತ್ರ ಸಂಶೋಧನೆ ಅಸಾಧ್ಯವಾಗಿದೆ. ಹೇಳಿಕೆಗೆ ಅವರು ಹೆಸರು ಹಾಕಲಿಲ್ಲ. ಮುಂದಿನ ಸಂಶೋಧನೆಗೆ ಅದೇ ಕಂಪನಿಗಳ ಒಪ್ಪಿಗೆ ಬೇಕಿತ್ತಲ್ಲ! ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1998ರಲ್ಲಿ ನೊವಾರ್ಟಿಸ್ ಕಂಪನಿಯಿಂದ ಐದು ವರ್ಷಕ್ಕೆ 2.5 ಕೋಟಿ ಡಾಲರ್ ಪಡೆದು, ಸಸ್ಯ ಮತ್ತು ಸೂಕ್ಷ್ಮಜೀವಿ ವಿಭಾಗದ ಆವಿಷ್ಕಾರಗಳಲ್ಲಿ ಸುಮಾರು ಮೂರನೇ ಒಂದು ಭಾಗದ ಮೇಲೆ ಮೊದಲ ಮಾತುಕತೆಯ ಹಕ್ಕನ್ನು ಅದಕ್ಕೆ ಬಿಟ್ಟುಕೊಟ್ಟಿತ್ತು. ಶ್ರೀಮಂತ ದೇಶದ ಬಲಾಢ್ಯ ವಿಶ್ವವಿದ್ಯಾಲಯದ ಕಥೆಯೇ ಹೀಗಾದರೆ, ವಿದ್ಯುತ್ ಬಿಲ್ಲಿಗೂ ಸರ್ಕಾರದ ಮುಖ ನೋಡುವ ಇಲ್ಲಿನ ವಿಶ್ವವಿದ್ಯಾಲಯ ಕಂಪನಿಯ ಎದುರು ಕುಳಿತು ಸರಿಸಮವಾಗಿ ಮಾತಾಡೀತೆ? ಬಿಟಿ ಬದನೆಯ ಸುರಕ್ಷತೆಯ ದಾಖಲೆಗಳು ಹೆಚ್ಚಾಗಿ ನಿಂತಿದ್ದುದು ಕಂಪನಿಯೇ ಮಾಡಿದ, ಮಾಡಿಸಿದ ಪರೀಕ್ಷೆಗಳ ಮೇಲೆ. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ಊರುಗಳಲ್ಲಿ ಅಹವಾಲು ಕೇಳಿ, 2010ರ ಫೆಬ್ರುವರಿ 9ರಂದು ಅದನ್ನು ತಡೆಹಿಡಿದಾಗ ಕೊಟ್ಟ ಕಾರಣಗಳಲ್ಲಿ ಸ್ವತಂತ್ರ ಪರೀಕ್ಷೆಯ ಕೊರತೆಯೂ ಒಂದು. ಸ್ವತಂತ್ರ ಪರೀಕ್ಷೆ ಮಾಡಬೇಕಾಗಿದ್ದವರು ಯಾರು? ವಿಶ್ವವಿದ್ಯಾಲಯ. ಅದು ಆಗಲೇ ಕಂಪನಿಯ ಪಾಲುದಾರನಾಗಿತ್ತು.

ಈ ಪ್ರಶ್ನೆಗಳನ್ನು ಬೀದಿಗೆ ತಂದವರು ಪ್ರಾಧ್ಯಾಪಕರಲ್ಲ, ರೈತರು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಾರ್ಗಿಲ್ ಕಂಪನಿ ಕಟ್ಟುತ್ತಿದ್ದ ಬೀಜ ಘಟಕವನ್ನು ಕೆಡವಿತು. 1998ರ ಕೊನೆಯಲ್ಲಿ ರಾಯಚೂರು ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಸುಟ್ಟಿತು. ಕೆಡವಿದ್ದು, ಸುಟ್ಟದ್ದು ಮಾತ್ರ ಸುದ್ದಿಯಾಯಿತು. ಬೀಜದ ಒಡೆತನ ಯಾರದು ಎಂದು ಅವರು ಕೇಳಿದ್ದಕ್ಕೆ ಯಾವ ಕುಲಪತಿಯ ಕಚೇರಿಯಿಂದಲೂ ತೃಪ್ತಿಕರ ಉತ್ತರ ಬಂದಿಲ್ಲ.

ಕಂಪನಿ ಇಲ್ಲದೆ ಬೀಜ ವಿಜ್ಞಾನವೇ ಇಲ್ಲ ಎಂಬ ಮಾತಂತೂ ಚರಿತ್ರೆಯ ಗಂಧವಿಲ್ಲದವರದು. ಹತ್ತಿಯ ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ವಾಣಿಜ್ಯ ಬೇಸಾಯಕ್ಕೆ ಬಂದ ಮೊದಲ ಹೈಬ್ರಿಡ್ ವರಲಕ್ಷ್ಮಿ. ಅದನ್ನು 1972ರಲ್ಲಿ ಧಾರವಾಡದಲ್ಲಿ ಕೊಟ್ಟವರು ಡಾ. ಬಿ.ಎಚ್. ಕಟರಕಿ. 1981ರಲ್ಲಿ ಅಲ್ಲಿಂದಲೇ ಡಿಸಿಎಚ್-32, ಅಂದರೆ ಜಯಲಕ್ಷ್ಮಿ ಬಂತು. ಸಂಜೆ ಹೊತ್ತು, ಮರುದಿನ ಅರಳಬೇಕಾದ ಮೊಗ್ಗಿನ ದಳವನ್ನೂ ಕೇಸರಗಳನ್ನೂ ಉಗುರಿನಿಂದ ಬಿಡಿಸಿ ತೆಗೆದು, ಮೇಲೆ ಬಣ್ಣದ ಕಾಗದ ಮುಚ್ಚಿ, ಬೆಳಿಗ್ಗೆ ಗಂಡು ಹೂವಿನ ಪರಾಗ ಸವರಿ ದಾರ ಕಟ್ಟುವ ಆ ‘ಕ್ರಾಸಿಂಗ್’ ಕೆಲಸ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಒಂದು ಉದ್ಯಮವಾಗಿ ಬೆಳೆದದ್ದು ಈ ಸಾರ್ವಜನಿಕ ಹೈಬ್ರಿಡ್‌ಗಳಿಂದ. ದಿನವೆಲ್ಲ ಬಗ್ಗಿ ನಿಂತು ಅದನ್ನು ಮಾಡಿದ ಹೆಣ್ಣುಮಕ್ಕಳ ಕೂಲಿಯ ಕಥೆ ಬೇರೆಯೇ ಇದೆ, ಅದೂ ಹೆಮ್ಮೆಯದಲ್ಲ. ಆದರೆ ತಳಿಗೆ ಮಾತ್ರ ಯಾರೂ 1,250 ರೂಪಾಯಿಯ ಶುಲ್ಕ ಹಾಕಲಿಲ್ಲ.

ಅದು ಹಳೆಯ ವಿಜ್ಞಾನ, ಜೈವಿಕ ತಂತ್ರಜ್ಞಾನ ಹಾಗಲ್ಲ ಎನ್ನುವವರು ಗದ್ದೆಗೆ ಇಳಿಯಲಿ. ಕಂಪ್ಲಿ, ಗಂಗಾವತಿ, ಸಿರುಗುಪ್ಪದ ತುಂಗಭದ್ರಾ ಕಾಲುವೆಯ ಕೆಳಗೆ ರೈತರು ಬಿಪಿಟಿ ಎಂದು ಕರೆಯುವ ಸಾಂಬಾ ಮಸೂರಿ ಬಾಪಟ್ಲದ ಸರ್ಕಾರಿ ಕೇಂದ್ರದ ಕೊಡುಗೆ. ದುಂಡಾಣು ಅಂಗಮಾರಿ ಅದರ ಶತ್ರು. ಡಿಎನ್‌ಎ ಗುರುತುಗಳ ನೆರವಿನಿಂದ ಮೂರು ನಿರೋಧಕ ಜೀನುಗಳನ್ನು ಅದಕ್ಕೆ ತಂದು, 2008ರಲ್ಲಿ ಸುಧಾರಿತ ಸಾಂಬಾ ಮಸೂರಿಯನ್ನು ಬಿಡುಗಡೆ ಮಾಡಿದ್ದು ಹೈದರಾಬಾದಿನ ಎರಡು ಸಾರ್ವಜನಿಕ ಸಂಸ್ಥೆಗಳು: ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ ಹಾಗೂ ಭತ್ತ ಸಂಶೋಧನಾ ನಿರ್ದೇಶನಾಲಯ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಶೈಲಜಾ ಹಿತ್ತಲಮನಿ ಅವರ ತಂಡ ಅದೇ ಬಗೆಯ ತಂತ್ರದಿಂದ, ನೀರು ನಿಲ್ಲಿಸದೆ ಬೆಳೆಯಬಹುದಾದ ಎಂಎಎಸ್ 946-1 ಭತ್ತವನ್ನು 2007ರಲ್ಲಿ ಕೊಟ್ಟಿತು. ಬಳ್ಳಾರಿ ಜಿಲ್ಲೆಯೂ ವ್ಯಾಪ್ತಿಗೆ ಸೇರುವ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಗಂಗಾವತಿ ಕೇಂದ್ರದಿಂದ ಗಂಗಾವತಿ ಸೋನಾ ಬಂತು. ಇವುಗಳ ಬೀಜವನ್ನು ರೈತ ಕಣಜದಲ್ಲಿ ಇಟ್ಟುಕೊಳ್ಳಬಹುದು, ಪಕ್ಕದವನಿಗೂ ಕೊಡಬಹುದು. ಇದೆಲ್ಲ ಬೀಜ ವಿಜ್ಞಾನವಲ್ಲದಿದ್ದರೆ ಇನ್ನೇನು?

ಇಷ್ಟಾದರೂ ಗಾಳಿ ಬೀಸುತ್ತಿರುವುದು ತದ್ವಿರುದ್ಧ ದಿಕ್ಕಿಗೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 2023ರಲ್ಲಿ ಬೇಯರ್ ಕಂಪನಿಯ ಜೊತೆ ಒಡಂಬಡಿಕೆಗೆ ಸಹಿ ಹಾಕಿತು. ಮೊನ್ಸಾಂಟೊವನ್ನು 2018ರಲ್ಲಿ ಕೊಂಡದ್ದು ಇದೇ ಬೇಯರ್. ಅದೇ 2023ರಲ್ಲಿ ಜೀವವೈವಿಧ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಐದು ವರ್ಷದವರೆಗೆ ಜೈಲಿಗೆ ಕಳುಹಿಸಬಹುದಾಗಿದ್ದ ಅಪರಾಧ ಬರೀ ದಂಡದ ವಿಷಯವಾಯಿತು: ಒಂದು ಲಕ್ಷದಿಂದ ಐವತ್ತು ಲಕ್ಷ ರೂಪಾಯಿ. ಕೋಟಿಗಳಲ್ಲಿ ವಹಿವಾಟು ನಡೆಸುವವರಿಗೆ ಇದು ದಂಡವೋ, ಖರ್ಚಿನ ಬಾಬತ್ತೋ? 2025ರ ಮೇ ತಿಂಗಳಲ್ಲಿ ಪರಿಷತ್ತು ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಅವುಗಳಲ್ಲಿ ಕಮಲಾ ಎಂಬುದು ಕಂಪ್ಲಿಯ ಗದ್ದೆಯ ಅದೇ ಸಾಂಬಾ ಮಸೂರಿಯಿಂದ ಬಂದದ್ದು. ತಯಾರಿಸಿದ್ದು ಸರ್ಕಾರಿ ಸಂಸ್ಥೆಯೇ. ಆದರೆ ತಿದ್ದಲು ಬಳಸುವ ಕ್ರಿಸ್ಪರ್ ಉಪಕರಣದ ಮೂಲ ಪೇಟೆಂಟುಗಳು ಹೊರದೇಶದವರ ಕೈಯಲ್ಲಿವೆ. ನಾಳೆ ಈ ಭತ್ತ ಚೀಲಕ್ಕೆ ಬಿದ್ದಾಗ ಯಾರಿಗೆ ಎಷ್ಟು ಶುಲ್ಕ, ರೈತ ಬೀಜ ಎತ್ತಿಟ್ಟುಕೊಳ್ಳಬಹುದೇ, ಕೊಳ್ಳುವ ಮೊದಲೇ ಇದನ್ನು ಬರೆದು ತಿಳಿಸುವವರು ಯಾರು?

ಸರ್ಕಾರದ ಬಳಿ ಹಣವಿಲ್ಲ ಎಂಬುದು ಕೊನೆಯ ಗುರಾಣಿ. ಸಂಡೂರಿನಲ್ಲಿ ನಿಂತು ಈ ಮಾತು ಆಡಲು ಧೈರ್ಯ ಬೇಕು. ಗಣಿ ಪ್ರದೇಶದ ಪುನಶ್ಚೇತನಕ್ಕೆಂದು ಸುಪ್ರೀಂ ಕೋರ್ಟಿನ ಉಸ್ತುವಾರಿಯಲ್ಲಿ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ರೂಪಿಸಿರುವ ಯೋಜನೆಯ ಮೊತ್ತ 24,000 ಕೋಟಿ ರೂಪಾಯಿಗೂ ಹೆಚ್ಚು. ಇದರ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬೇರೆ. ದೂಳು ತಿಂದ ಹೊಲಗಳ ಈ ಹಣದಲ್ಲಿ ಚಿಕ್ಕದೊಂದು ಪಾಲು ಹಗರಿ ಮತ್ತು ಸಿರುಗುಪ್ಪದ ಸಂಶೋಧನಾ ಕೇಂದ್ರಗಳಿಗೆ, ಕೆಮ್ಮಣ್ಣಿನ ನವಣೆ, ಎರೆ ಹೊಲದ ಜೋಳ, ರೈತ ಎತ್ತಿಡಬಹುದಾದ ಹತ್ತಿಯ ತಳಿಗಳಿಗೆ ಮೀಸಲಾದರೆ ಯಾವ ಕಂಪನಿಯ ಬಾಗಿಲನ್ನೂ ಕಾಯಬೇಕಿಲ್ಲ.

ಆದ್ದರಿಂದ ಬೇಡಿಕೆ ಸರಳವಾಗಿದೆ, ಮತ್ತು ಅದು ವಿನಂತಿಯ ದನಿಯಲ್ಲಿ ಇರಬೇಕಾಗಿಯೂ ಇಲ್ಲ. ಕಂಪನಿಗಳ ಜೊತೆ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳು ಮಾಡಿಕೊಂಡ ಪ್ರತಿ ಒಪ್ಪಂದವೂ ಷರತ್ತುಗಳ ಸಮೇತ ಕನ್ನಡದಲ್ಲಿ ಪ್ರಕಟವಾಗಲಿ. ರೈತರ ತಳಿ ಬಳಸುವ ಯಾವ ಯೋಜನೆಯೂ ಆ ಊರಿನ ಜೀವವೈವಿಧ್ಯ ಸಮಿತಿಯ ಲಿಖಿತ ಒಪ್ಪಿಗೆ ಇಲ್ಲದೆ ಆರಂಭವಾಗದಿರಲಿ. ಸಾರ್ವಜನಿಕ ಹಣ ಬಿದ್ದ ತಳಿಯ ಬೀಜವನ್ನು ರೈತ ಎತ್ತಿಡುವ, ಹಂಚುವ ಹಕ್ಕನ್ನು ಕಸಿಯುವ ಸಾಲು ಒಪ್ಪಂದದಲ್ಲಿದ್ದರೆ ಒಪ್ಪಂದವೇ ರದ್ದಾಗಲಿ. ಪರೀಕ್ಷೆ ಮಾಡುವವರು ಪಾಲುದಾರರಾಗುವುದು ನಿಲ್ಲಲಿ. ಸಂಡೂರು ತಾಲ್ಲೂಕಿನ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಕಾನೂನಿನ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಆ ದಾಖಲೆಯನ್ನು ತರಿಸಿ, ತಮ್ಮ ಹೊಲದ ಜೋಳ, ನವಣೆ, ಬದನೆಯ ಹೆಸರು ಅದರಲ್ಲಿ ಇದೆಯೋ ಇಲ್ಲವೋ ಎಂದು ರೈತರು ಓದಿಸಿ ಕೇಳಲಿ. ಇಲ್ಲದಿದ್ದರೆ ಅಲ್ಲೇ ಬರೆಸಲಿ.